ಎಂವೈ ನಂಬರಿನ ಅಂಬಾಸಿಡರ್: ವಿಂಟೇಜ್ ನೋಂದಣಿ ಮಾಡಿಸೋದಾ, ಮಾಮೂಲಿ ರಿನ್ಯೂವಲ್ ಸಾಕಾ?

ಮೂಡಿಗೆರೆ_ಮಾರ್ಕ್‌ಟು
ಎಲ್ಲರಿಗೂ ನಮಸ್ಕಾರ. ಗಾಡಿ 1967ರ ಅಂಬಾಸಿಡರ್ ಮಾರ್ಕ್ 2, ಪೆಟ್ರೋಲ್, ಕೆಎ ಬರೋದಕ್ಕೆ ಮುಂಚಿನ ಎಂವೈ ಸೀರೀಸ್ ನಂಬರ್. ದಾಖಲೆ ತಾತನ ಹೆಸರಲ್ಲಿದೆ, ಅವರು ಈಗಿಲ್ಲ. ಆರ್‌ಸಿ ಬುಕ್ಕಿನ ಮೊದಲ ಎರಡು ಪುಟದ ಜೆರಾಕ್ಸ್ ಮಾತ್ರ ಉಳಿದಿದೆ, ಅಸಲು ಸಿಕ್ಕಿಲ್ಲ. ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದ್ರೆ ದಾಖಲೆ ಇಲ್ಲ ಅನ್ನುತ್ತೆ. ಗಾಡಿ ಕಾಫಿ ಕಣದ ಪಕ್ಕದ ಶೆಡ್ಡಲ್ಲಿದೆ. ಎಂಜಿನ್ ಜಾಮ್ ಆಗಿಲ್ಲ, ಹ್ಯಾಂಡಲ್ ಹಾಕಿದ್ರೆ ತಿರುಗುತ್ತೆ. ವಿಎ ಅಂತ ಬರುವ ವಿಂಟೇಜ್ ಪ್ಲೇಟ್ ಹಾಕಿಸಬೇಕು ಅಂತ ಮನೆಯವರೆಲ್ಲರ ಆಸೆ. ಹಬ್ಬ, ಮದುವೆ, ಭಾನುವಾರ ಚಿಕ್ಕಮಗಳೂರು ಪೇಟೆ, ಇಷ್ಟಕ್ಕೆ ಓಡಿಸೋ ಯೋಚನೆಯೂ ಇದೆ. ಎಲ್ಲಿಂದ ಶುರು ಮಾಡೋದು, ಎಷ್ಟು ದುಡ್ಡು ಕೈ ಬಿಡುತ್ತೆ, ದಯವಿಟ್ಟು ತಿಳಿದವರು ಹೇಳಿ.

ಬಿ_ರಿಜಿಸ್ಟರ್
ನಿಮ್ಮ ಪ್ರಶ್ನೆಯಲ್ಲೇ ಒಂದಕ್ಕೊಂದು ಹೊಂದದ ಎರಡು ಆಸೆ ಇವೆ. ಮೊದಲು ಅದನ್ನು ಬಿಡಿಸಿಕೊಳ್ಳಿ, ಅರ್ಜಿ ಆಮೇಲೆ.

ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರ ಜುಲೈನಲ್ಲಿ ತಿದ್ದುಪಡಿ ತಂದು ವಿಂಟೇಜ್ ನೋಂದಣಿಯನ್ನು ಸೇರಿಸಿದರು. ಸ್ವಂತ ಬಳಕೆಯ ದ್ವಿಚಕ್ರ ಅಥವಾ ನಾಲ್ಕು ಚಕ್ರದ ವಾಹನ ಆಗಿರಬೇಕು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಮೂಲ ರೂಪದಲ್ಲೇ ಇರಬೇಕು, ಅಂದರೆ ಚಾಸಿ, ಬಾಡಿ ಶೆಲ್, ಎಂಜಿನ್ ಇವುಗಳಲ್ಲಿ ದೊಡ್ಡ ಬದಲಾವಣೆ ಆಗಿರಕೂಡದು. ನಿಮ್ಮ 1967ರ ಗಾಡಿ ವಯಸ್ಸಿನ ಲೆಕ್ಕದಲ್ಲಿ ಪಾಸು. ಲೆಕ್ಕ ಹಿಡಿಯುವುದು ತಯಾರಾದ ವರ್ಷದಿಂದಲ್ಲ, ಮೊದಲ ನೋಂದಣಿಯ ದಿನದಿಂದ. 1976ರ ಮಾರ್ಚ್‌ನಲ್ಲಿ ನೋಂದಣಿಯಾದ ಪದ್ಮಿನಿಗೆ 2026ರ ಮಾರ್ಚ್ ದಾಟಲೇಬೇಕು, ಗಾಡಿ 75ರಲ್ಲೇ ತಯಾರಾಗಿದ್ದರೂ ಅಷ್ಟೇ.

ಇನ್ನು ವಿಎ ಪ್ಲೇಟ್. ಹೊಸದಾಗಿ ನೋಂದಣಿ ಆಗುವ ಗಾಡಿಗೆ ಕೆಎ ವಿಎ ಎಎ 0001 ಈ ಮಾದರಿಯಲ್ಲಿ ನಂಬರ್ ಕೊಡುತ್ತಾರೆ: ರಾಜ್ಯದ ಸಂಕೇತ, ವಿಎ, ಎರಡಕ್ಷರದ ಸೀರೀಸ್, ನಾಲ್ಕು ಅಂಕಿ. ಹದಿಮೂರು, ಹದಿನೆಂಟು ಅನ್ನುವ ಜಿಲ್ಲೆಯ ಸಂಖ್ಯೆ ಅದರಲ್ಲಿ ಬರುವುದಿಲ್ಲ. ಆದರೆ ಭಾರತದಲ್ಲಿ ಈಗಾಗಲೇ ನೋಂದಣಿ ಆಗಿರುವ ಗಾಡಿ ತನ್ನ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ನಿಮ್ಮ ಬಳಿ ಎಂವೈ ನಂಬರ್ ಇರುವಾಗ ವಿಎ ಯಾಕೆ ಬೇಕು? 1989ರ ಜುಲೈನಲ್ಲಿ ಕೆಎ ಸೀರೀಸ್ ಶುರುವಾದ ಮೇಲೆ ಎಂವೈ, ಎಂಇ ನಂಬರ್ ಯಾರಿಗೂ ಹೊಸದಾಗಿ ಸಿಕ್ಕಿಲ್ಲ, ಇನ್ನು ಸಿಗುವುದೂ ಇಲ್ಲ. ಕಳೆದುಕೊಂಡರೆ ಮತ್ತೆ ಬಾರದ ವಸ್ತು ಅದೇ ನಂಬರ್.

ಎರಡನೆಯದು ಓಡಾಟ. ವಿಂಟೇಜ್ ಎಂದು ನೋಂದಣಿಯಾದ ಗಾಡಿಯನ್ನು ದಿನಬಳಕೆಗಾಗಲಿ ಬಾಡಿಗೆಗಾಗಲಿ ರಸ್ತೆಗಿಳಿಸುವಂತಿಲ್ಲ. ಪ್ರದರ್ಶನ, ವಿಂಟೇಜ್ ರ‍್ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲ್ ತುಂಬಿಸುವುದು, ರಿಪೇರಿ, ಇವುಗಳಿಗೆ ಹೋಗಿಬರುವುದು, ಇಷ್ಟಕ್ಕೇ ಅವಕಾಶ. ಭಾನುವಾರದ ಪೇಟೆ ಆ ಪಟ್ಟಿಯಲ್ಲಿಲ್ಲ, ಮದುವೆ ದಿಬ್ಬಣವೂ ಇಲ್ಲ.

ಸಕಲೇಶಪುರ_ಜೀಪು
ಸರಿಯಾಗಿ ಹೇಳಿದ್ರಿ. ಓಡಿಸೋದೇ ಉದ್ದೇಶ ಆದ್ರೆ ವಿಂಟೇಜ್ ಗೋಜಿಗೆ ಹೋಗಬೇಡಿ ಮಾರಾಯ್ರೆ. ಮಾಮೂಲಿ ಎಫ್‌ಸಿ, ಅಂದ್ರೆ ಗಾಡಿ ತಪಾಸಣೆ ಮಾಡಿಸಿ ರಿನ್ಯೂವಲ್ ಮಾಡಿಸಿ, ಐದು ವರ್ಷ ನಿಶ್ಚಿಂತೆಯಾಗಿ ಎಲ್ಲಿ ಬೇಕಾದ್ರೂ ಹೋಗಿ. ಹಳೆ ನಂಬರಿನ ಗಾಡಿಗೆ ವಿಂಟೇಜ್ ಫೀಸು ಐದು ಸಾವಿರ ಅಷ್ಟೇ, ಅಗ್ಗ ಅಂತ ತುಂಬ ಜನ ಹೊರಡ್ತಾರೆ, ಆಮೇಲೆ ಕೈ ಕಟ್ಟಿ ಹಾಕಿದ ಹಾಗಾಗುತ್ತೆ.

ಬಿ_ರಿಜಿಸ್ಟರ್
ಆ ಐದು ಸಾವಿರದ ಮಾತು ಎಲ್ಲ ಕಡೆ ತಪ್ಪಾಗಿ ಓಡಾಡುತ್ತಿದೆ. ಶುಲ್ಕದಲ್ಲಿ ಇರುವುದು ಎರಡೇ ಸಾಲು: ವಿಂಟೇಜ್ ಆಗಿ ಹೊಸ ನೋಂದಣಿಗೆ 20,000 ರೂಪಾಯಿ, ನಂತರದ ಮರುನೋಂದಣಿಗೆ 5,000. ನೋಂದಣಿಯ ಅವಧಿ 10 ವರ್ಷ. ಐದು ಸಾವಿರ ಅನ್ನುವುದು ಹತ್ತು ವರ್ಷ ಕಳೆದ ಮೇಲೆ ಬರುವ ಸಾಲು. ಹಳೆ ನಂಬರ್ ಇದೆ ಅಂದ ಮಾತ್ರಕ್ಕೆ ಮೊದಲ ಸಲವೇ ಆ ಸಾಲಿಗೆ ನೆಗೆಯಬಹುದು ಎಂದು ಲೆಕ್ಕ ಹಾಕಬೇಡಿ. ಇಪ್ಪತ್ತು ಸಾವಿರ ಇಟ್ಟುಕೊಂಡೇ ಹೊರಡಿ.

ಮಾಮೂಲಿ ರಿನ್ಯೂವಲ್ ಕೂಡ ಮೊದಲಿನಷ್ಟು ಅಗ್ಗವಲ್ಲ. 2022ರ ಏಪ್ರಿಲ್‌ನಿಂದ ಕಾರಿಗೆ 5,000 ಇತ್ತು. 2025ರ ಆಗಸ್ಟ್ ತಿದ್ದುಪಡಿಯಲ್ಲಿ 20 ವರ್ಷ ದಾಟಿದ ಕಾರಿಗೆ 10,000 ಮಾಡಿದರು, ಜಿಎಸ್‌ಟಿ ಬೇರೆ. ಅದು ಐದು ವರ್ಷಕ್ಕೆ. ಹತ್ತು ವರ್ಷಕ್ಕೆ ಎರಡು ಸಲ ಕಟ್ಟಿದರೆ 20,000. ಅಂದರೆ ಮೊದಲ ಹತ್ತು ವರ್ಷದ ಮಟ್ಟಿಗೆ ಎರಡೂ ದಾರಿಯ ಶುಲ್ಕ ಒಂದೇ. ಎರಡನೇ ದಶಕದಲ್ಲಿ ಮಾತ್ರ ವಿಂಟೇಜ್ ಅಗ್ಗ: 5,000 ಎದುರಿಗೆ 20,000.

ಪಾಲಿಸಿ_ಪೆಟ್ಟಿಗೆ
ಇನ್ಶೂರೆನ್ಸ್ ಲೆಕ್ಕವನ್ನೂ ಸೇರಿಸಿಕೊಳ್ಳಿ. 2022ರ ಥರ್ಡ್ ಪಾರ್ಟಿ ಪ್ರೀಮಿಯಂ ನಿಯಮದಲ್ಲಿ ವಿಂಟೇಜ್ ಎಂದು ನೋಂದಣಿಯಾದ ಖಾಸಗಿ ಕಾರಿಗೆ ಪ್ರೀಮಿಯಂ ಅರ್ಧ.

ಖಾಸಗಿ ಕಾರಿನ ವಾರ್ಷಿಕ ಮೂಲ ದರ: 1000 ಸಿಸಿ ಒಳಗೆ 2,094 ರೂಪಾಯಿ, 1000ರಿಂದ 1500ರವರೆಗೆ 3,416, ಅದಕ್ಕೂ ಮೇಲೆ 7,897. ಅಂಬಾಸಿಡರ್ 1489 ಸಿಸಿ, ಆದ್ದರಿಂದ ಮಧ್ಯದ ಸಾಲು. ವಿಂಟೇಜ್ ಆದರೆ 1,708. ಫಿಯೆಟ್ 1100 ಕೂಡ ಇದೇ ಸಾಲು, ಅದು 1089 ಸಿಸಿ. ಸ್ಟ್ಯಾಂಡರ್ಡ್ ಹೆರಾಲ್ಡ್ 948 ಸಿಸಿ, ಅದಕ್ಕೆ 1,047 ಸಾಕು. ಹಳೆ ಪೆಟ್ರೋಲ್ ಜೀಪು 2199 ಸಿಸಿ ಇರುವುದರಿಂದ 7,897ರ ಬದಲು 3,948 ಚಿಲ್ಲರೆ. ಲಾಭ ಹೆಚ್ಚು ಕಾಣುವುದು ಜೀಪಿನವರಿಗೇ. ಎಲ್ಲದರ ಮೇಲೆ ಜಿಎಸ್‌ಟಿ, ಜೊತೆಗೆ ಓನರ್-ಡ್ರೈವರ್‌ಗೆ 15 ಲಕ್ಷದ ಅಪಘಾತ ವಿಮೆ ಇರುತ್ತದೆ.

ಮೂಡಿಗೆರೆಯವರಿಗೆ ಉಳಿತಾಯ ವರ್ಷಕ್ಕೆ 1,708, ಹತ್ತು ವರ್ಷಕ್ಕೆ 17,080. ಭಾನುವಾರ ಮನೆಯಲ್ಲೇ ನಿಲ್ಲಿಸುವುದಕ್ಕೆ ಈ ಬೆಲೆ ಸಾಕಾ ಅಂತ ನೀವೇ ತೂಗಿ ನೋಡಿ. ಒಂದು ಎಚ್ಚರಿಕೆ: ವಿಂಟೇಜ್ ದರದಲ್ಲಿ ಪಾಲಿಸಿ ಮಾಡಿಸಿ, ಅಡಿಕೆ ಮೂಟೆ ಹೇರಿಕೊಂಡು ಹೋಗುವಾಗ ಅಪಘಾತವಾದರೆ ಬಳಕೆಯ ಷರತ್ತಿನ ಪ್ರಶ್ನೆ ಎದ್ದೇ ಏಳುತ್ತದೆ. ಅರ್ಧ ಪ್ರೀಮಿಯಂ ಕೊಟ್ಟಿರುವುದೇ ಗಾಡಿ ಹೆಚ್ಚು ಓಡುವುದಿಲ್ಲ ಎಂಬ ಲೆಕ್ಕದ ಮೇಲೆ.

ಜಾವಾ_ಅರಸೀಕೆರೆ
ಬೈಕಿಗೂ ಇದೇ ಲೆಕ್ಕಾನಾ? ಮೈಸೂರಿನ ಐಡಿಯಲ್ ಜಾವಾ, 1966, 250 ಸಿಸಿ, ಎಂವೈ ನಂಬರ್.

ಪಾಲಿಸಿ_ಪೆಟ್ಟಿಗೆ
ಬೈಕಿಗೆ ಲೆಕ್ಕ ಪೂರ್ತಿ ಉಲ್ಟಾ. 20 ವರ್ಷ ದಾಟಿದ ಬೈಕಿನ ಮಾಮೂಲಿ ರಿನ್ಯೂವಲ್ 2,000 ರೂಪಾಯಿ. ವಿಂಟೇಜ್ ಶುಲ್ಕದಲ್ಲಿ ಬೈಕು, ಕಾರು ಅನ್ನುವ ಭೇದವಿಲ್ಲ, ಅದೇ 20,000. ಅರ್ಧ ಪ್ರೀಮಿಯಂ ಇರುವುದೂ ಖಾಸಗಿ ಕಾರಿಗೆ ಮಾತ್ರ. ನಿಮ್ಮ 250 ಸಿಸಿಗೆ ಎರಡೂ ಕಡೆ 1,366. ದುಡ್ಡಿನ ದೃಷ್ಟಿಯಿಂದ ಜಾವಾಗೆ ವಿಂಟೇಜ್ ನೋಂದಣಿಯಲ್ಲಿ ಏನೂ ಇಲ್ಲ.

ಮೂಡಿಗೆರೆ_ಮಾರ್ಕ್‌ಟು
ಎಲ್ಲರಿಗೂ ಥ್ಯಾಂಕ್ಸ್. ಹಾಗಾದ್ರೆ ಎಂವೈ ನಂಬರ್ ಉಳಿಸಿಕೊಂಡು ಮಾಮೂಲಿ ರಿನ್ಯೂವಲ್ ಕಡೆಗೇ ಮನಸ್ಸು ವಾಲ್ತಾ ಇದೆ. ಆದ್ರೆ ಆ್ಯಪ್‌ನಲ್ಲಿ ದಾಖಲೇನೇ ಇಲ್ವಲ್ಲ ಸಾರ್, ಅರ್ಜಿ ಹಾಕೋದು ಹೇಗೆ?

ಬಿ_ರಿಜಿಸ್ಟರ್
ಅಸಲಿ ಕೆಲಸ ಇರುವುದೇ ಅಲ್ಲಿ. ಮಾಮೂಲಿಯೋ ವಿಂಟೇಜೋ, ಈ ಭಾಗ ಎರಡಕ್ಕೂ ಒಂದೇ. ಸ್ವಲ್ಪ ಉದ್ದವಾಗುತ್ತದೆ, ತಾಳ್ಮೆಯಿಂದ ಓದಿ.

ಹಳೆಯ ನೋಂದಣಿಗಳೆಲ್ಲ ಕಚೇರಿಯ ದಪ್ಪ ಲೆಡ್ಜರಿನಲ್ಲಿ ಕೈಬರಹದಲ್ಲಿ ಇದ್ದವು. ಅದೇ ಬಿ ರಿಜಿಸ್ಟರ್. ಕಂಪ್ಯೂಟರ್ ಬಂದ ಮೇಲೆ ಚಾಲ್ತಿಯಲ್ಲಿದ್ದ ಗಾಡಿಗಳು ಆರ್‌ಟಿಒಗಳ ವಾಹನ್ ತಂತ್ರಾಂಶಕ್ಕೆ ಹೋದವು, ಶೆಡ್ಡಿನಲ್ಲಿ ಮಲಗಿದ್ದವು ಲೆಡ್ಜರಿನಲ್ಲೇ ಉಳಿದವು. ಆ್ಯಪ್‌ನಲ್ಲಿ ಕಾಣದಿದ್ದರೆ ನೋಂದಣಿ ಸತ್ತಿದೆ ಎಂದು ಅರ್ಥವಲ್ಲ.

ಮೊದಲ ಹೆಜ್ಜೆ ಬಿ ಎಕ್ಸ್‌ಟ್ರ್ಯಾಕ್ಟ್, ಅಂದರೆ ಆ ಲೆಡ್ಜರಿನಲ್ಲಿ ನಿಮ್ಮ ಗಾಡಿಯ ದಾಖಲೆಯ ಅಧಿಕೃತ ನಕಲು. ಗಾಡಿ ಕೊನೆಯದಾಗಿ ಯಾವ ಆರ್‌ಟಿಒ ದಾಖಲೆಯಲ್ಲಿತ್ತೋ ಅಲ್ಲಿಗೆ ಅರ್ಜಿ ಕೊಡಬೇಕು. ಮೂಡಿಗೆರೆ ತಾಲ್ಲೂಕು ಈಗ ಚಿಕ್ಕಮಗಳೂರು ಕಚೇರಿಗೆ, ಅಂದರೆ ಕೆಎ 18ಕ್ಕೆ ಸೇರುತ್ತದೆ. ಆದರೆ ಗಾಡಿ ಮೊದಲು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ನೋಂದಣಿಯಾಗಿ ಬಂದಿದ್ದರೆ ಲೆಡ್ಜರ್ ಅಲ್ಲಿರುತ್ತದೆ. ನಿಮ್ಮ ಜೆರಾಕ್ಸಿನ ಮೊದಲ ಪುಟದಲ್ಲಿ ನೋಂದಣಿ ಪ್ರಾಧಿಕಾರದ ಮೊಹರು ನೋಡಿ, ಎರಡನೇ ಪುಟದಲ್ಲಿ ಮಾಲೀಕತ್ವ ವರ್ಗಾವಣೆಯ ಮೊಹರು ನೋಡಿ. ಕೊನೆಯ ಮೊಹರು ಯಾವ ಕಚೇರಿಯದೋ ಅಲ್ಲಿಂದ ಶುರು. ಸಕಲೇಶಪುರ ಕೆಎ 46, ತರೀಕೆರೆ ಕೆಎ 66 ಕಚೇರಿಗಳೆಲ್ಲ ಆಮೇಲೆ ಬಂದವು. ಆ ತಾಲ್ಲೂಕುಗಳ ಹಳೇ ಗಾಡಿಗಳ ಪುಸ್ತಕ ಹಾಸನ ಅಥವಾ ಚಿಕ್ಕಮಗಳೂರಿನಲ್ಲೇ ಹುಡುಕಬೇಕು. ಅರ್ಜಿಯಲ್ಲಿ ನಂಬರ್ ಜೊತೆಗೆ ಚಾಸಿ ನಂಬರ್, ಎಂಜಿನ್ ನಂಬರ್, ಅಂದಾಜು ವರ್ಷ, ತಾತನ ಪೂರ್ತಿ ಹೆಸರು ಮತ್ತು ಅಂದಿನ ವಿಳಾಸ ಬರೆಯಿರಿ. ಬರೀ ನಂಬರ್ ಬರೆದರೆ ಹುಡುಕುವವರಿಗೂ ಕಷ್ಟ, ನಿಮಗೂ ಕಷ್ಟ.

ಎಕ್ಸ್‌ಟ್ರ್ಯಾಕ್ಟ್ ಕೈಗೆ ಬಂದ ಮೇಲೆ ಅದನ್ನು ಆಧಾರವಾಗಿಟ್ಟು ವಾಹನ್‌ನಲ್ಲಿ ಬ್ಯಾಕ್‌ಲಾಗ್ ಎಂಟ್ರಿ, ಅಂದರೆ ಹಳೆ ದಾಖಲೆಯನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಮಾಡಿಸಬೇಕು. ಅದನ್ನು ಮಾಡುವುದು ಕಚೇರಿ, ನಾವಲ್ಲ. ಆದರೆ ಪರದೆ ಮೇಲೆ ಟೈಪ್ ಮಾಡಿದ್ದನ್ನು ಅಪ್ರೂವ್ ಆಗುವ ಮೊದಲು ಒಮ್ಮೆ ಓದಲು ಕೇಳಿ. ತಪ್ಪಾಗುವ ಜಾಗಗಳು ಗೊತ್ತಿರುವಂಥವೇ: ಸೊನ್ನೆಯ ಜಾಗದಲ್ಲಿ ಓ ಅಕ್ಷರ, ಒಂದರ ಜಾಗದಲ್ಲಿ ಐ, ಇನಿಶಿಯಲ್ ಬಿಟ್ಟುಹೋದ ಹೆಸರು, ಪೆಟ್ರೋಲ್ ಜಾಗದಲ್ಲಿ ಡೀಸೆಲ್, ಮೊದಲ ನೋಂದಣಿ ದಿನಾಂಕದ ಜಾಗದಲ್ಲಿ ಕೊನೆಯ ವರ್ಗಾವಣೆಯ ದಿನಾಂಕ. ಈ ಕೊನೆಯದು ವಿಂಟೇಜ್ ಬೇಕಾದವರಿಗೆ ದೊಡ್ಡ ಪೆಟ್ಟು, ಗಾಡಿಯ ವಯಸ್ಸೇ ಹತ್ತಿಪ್ಪತ್ತು ವರ್ಷ ಇಳಿದುಬಿಡುತ್ತದೆ. ಮೊಬೈಲ್ ನಂಬರನ್ನೂ ಅದೇ ಹೊತ್ತಿನಲ್ಲಿ ಸೇರಿಸಿಸಿ, ಮುಂದೆ ಓಟಿಪಿ ಬರುವುದು ಅದಕ್ಕೇ.

ಎಮಿಷನ್ ಸೆಂಟರ್‌ನವರ ಯಂತ್ರ ವಾಹನ್‌ಗೆ ಜೋಡಣೆಯಾಗಿದೆ. ಎಚ್‌ಎಸ್‌ಆರ್‌ಪಿ, ಅಂದರೆ ಹೊಸ ಭದ್ರತಾ ನಂಬರ್ ಪ್ಲೇಟಿನ ಬುಕಿಂಗ್ ಪುಟ ಚಾಸಿ ಮತ್ತು ಎಂಜಿನ್ ನಂಬರಿನ ಕೊನೆಯ ಐದು ಅಂಕಿ ಕೇಳಿ ವಾಹನ್ ಜೊತೆ ತಾಳೆ ನೋಡುತ್ತದೆ. ಆದ್ದರಿಂದ ಬ್ಯಾಕ್‌ಲಾಗ್ ಆಗದೆ ಉಳಿದ ಯಾವ ಬಾಗಿಲೂ ತೆರೆಯುವುದಿಲ್ಲ.

ಹಾಸನ_ಟಿಂಕರ್
ಅಂಕಿ ವಿಚಾರ ಬಂತಲ್ಲ, ಅದನ್ನ ಗಾಡಿ ಮೇಲೆ ಓದೋದು ಹೇಗೆ ಅಂತ ನಾನು ಹೇಳ್ತೀನಿ ಕಣಣ್ಣ. ಮಲೆನಾಡಿನ ಮಳೆ ತಿಂದ ಗಾಡೀಲಿ ಚಾಸಿ ನಂಬರ್ ಮೇಲೆ ತುಕ್ಕು, ಎಣ್ಣೆ ಜಿಡ್ಡು, ಅದರ ಮೇಲೆ ಮೂರು ಕೋಟ್ ಪೇಂಟ್. ಗ್ರೈಂಡರ್ ಹಿಡೀಬೇಡಿ, ಎಮರಿ ಪೇಪರ್ರೂ ಬೇಡ. ಅಂಕಿ ಪಂಚ್ ಆಳವೇ ಕಮ್ಮಿ, ಅರ್ಧ ಉಜ್ಜಿದ್ರೆ ಕಿತ್ತುಕೊಂಡು ಹೋಗುತ್ತೆ. ಆಮೇಲೆ ಗಾಡಿ ತಪಾಸಣೆ ಮಾಡೋ ಆರ್‌ಟಿಒ ಬ್ರೇಕ್ ಇನ್‌ಸ್ಪೆಕ್ಟರ್ ಕಣ್ಣಿಗೆ ಅದು ತಿದ್ದಿದ ನಂಬರ್ ಥರಾನೇ ಕಾಣೋದು.

ಮೊದಲು ಪೇಂಟ್ ರಿಮೂವರ್ ಹಚ್ಚಿ ಕಾಯಿರಿ, ಬಟ್ಟೆಯಲ್ಲಿ ಒರೆಸಿ. ಆಮೇಲೆ ಸೀಮೆಎಣ್ಣೆ ಅಥವಾ ಡೀಸೆಲ್ ಹಾಕಿ ಹಿತ್ತಾಳೆ ಬ್ರಷ್ಷಲ್ಲಿ ಮೆತ್ತಗೆ ಉಜ್ಜಿ. ತುಕ್ಕು ಉಳಿದಿದ್ರೆ ಫಾಸ್ಫಾರಿಕ್ ಆಸಿಡ್ ಇರೋ ರಸ್ಟ್ ರಿಮೂವರ್, ಕೈಗೆ ಗ್ಲೌಸು, ಕೆಲಸ ಮುಗಿದ ಮೇಲೆ ನೀರಲ್ಲಿ ತೊಳೆದು ಒಣಗಿಸಿ. ಒಣಗಿದ ಮೇಲೆ ಸೀಮೆಸುಣ್ಣ ಉಜ್ಜಿದ್ರೆ ಅಂಕಿ ಎದ್ದು ಕಾಣುತ್ತೆ, ಓರೆ ಬೆಳಕಲ್ಲಿ ಫೋಟೋ ತೆಗೀರಿ. ಚಾಸಿ ಪ್ರಿಂಟ್‌ಗೆ ಸುಣ್ಣ ಒರೆಸಿ, ಪೆನ್ಸಿಲ್ ಸೀಸ ಉಜ್ಜಿ, ಮೇಲೆ ಅಗಲದ ಸೆಲ್ಲೋ ಟೇಪ್ ಅಂಟಿಸಿ, ಕಿತ್ತು ಬಿಳಿ ಹಾಳೆಗೆ ಅಂಟಿಸಿ. ಮೂರ್ನಾಲ್ಕು ಪ್ರಿಂಟ್ ಒಟ್ಟಿಗೇ ತೆಗೆದಿಟ್ಟುಕೊಳ್ಳಿ, ಪ್ರತಿ ಅರ್ಜಿಗೂ ಒಂದೊಂದು ಕೇಳ್ತಾರೆ. ಕೊನೆಗೆ ಆ ಜಾಗಕ್ಕೆ ತೆಳ್ಳಗೆ ಗ್ರೀಸ್.

ಅಂಕಿ ಪೂರ್ತಿ ಅಳಿಸಿದ್ರೆ ನೀವೇ ಪಂಚ್ ಹೊಡೆಯೋಕೆ ಹೋಗಬೇಡಿ. ಕಚೇರಿಗೆ ಅರ್ಜಿ ಕೊಟ್ಟು ಅವರ ಅನುಮತಿ ಮೇಲೇ ಹೊಡೆಸಬೇಕು.

ಸಕಲೇಶಪುರ_ಜೀಪು
ಎಂಜಿನ್ ನಂಬರ್ ತಾಳೆ ಆಗದಿದ್ರೆ? ನಮ್ಮ ಕಡೆ ಜೀಪುಗಳಲ್ಲಿ ನೂರಕ್ಕೆ ಎಷ್ಟೋ ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಕೂರಿಸಿದವೇ. ಬಾಡಿನೂ ಹೊಸದು, ಹರಿಯಾಣದ ಮಂಡಿ ಡಬ್ವಾಲಿಯಿಂದ ಕಟ್ಟಿಸಿ ತಂದವು ಬೇರೆ.

ಬಿ_ರಿಜಿಸ್ಟರ್
ಮೂರು ಥರ ಇದೆ. ಅದೇ ಮಾದರಿಯ ಇನ್ನೊಂದು ಎಂಜಿನ್ ಹಾಕಿ ಆಗಲೇ ಆರ್‌ಸಿಯಲ್ಲಿ ಬರೆಸಿದ್ದರೆ ಬಿ ರಿಜಿಸ್ಟರಿನಲ್ಲೂ ಅದು ಇರುತ್ತದೆ, ತಾಪತ್ರಯ ಕಡಿಮೆ. ಅದೇ ಮಾದರಿಯ ಎಂಜಿನ್ ಹಾಕಿ ಬರೆಸದೆ ಬಿಟ್ಟಿದ್ದರೆ ಮೊದಲು ಸೆಕ್ಷನ್ 52ರ ಅಡಿ ಬದಲಾವಣೆಯನ್ನು ದಾಖಲಿಸಿಸಬೇಕು, ಎಂಜಿನ್ ಎಲ್ಲಿಂದ ಬಂತು ಅನ್ನುವುದಕ್ಕೆ ಬಿಲ್ಲು ಅಥವಾ ಮೂಲ ಗಾಡಿಯ ದಾಖಲೆ ತೋರಿಸಬೇಕಾಗುತ್ತದೆ. ಪೆಟ್ರೋಲ್ ಇಳಿಸಿ ಡೀಸೆಲ್ ಕೂರಿಸಿದ್ದರೆ ವಿಂಟೇಜ್ ಮಾತು ಅಲ್ಲಿಗೇ ಮುಗಿಯಿತು. ಎಂಜಿನ್ ಮೂಲ ರೂಪದಲ್ಲಿಲ್ಲ, ವಿಂಟೇಜ್ ಗಾಡಿ ನೋಡುವ ತಪಾಸಣಾ ಸಮಿತಿ ಒಪ್ಪಲು ನಿಯಮವೇ ಬಿಡುವುದಿಲ್ಲ. ಡಬ್ವಾಲಿ ಬಾಡಿಗೂ ಅದೇ ಉತ್ತರ. ಹಳೆಯ ಹರಿಕೇನ್ ಪೆಟ್ರೋಲ್ ಎಂಜಿನ್ ಶೆಡ್ಡಿನ ಮೂಲೆಯಲ್ಲಿ ಬಿದ್ದಿದ್ದರೆ ಗುಜರಿಗೆ ಹಾಕಬೇಡಿ.

ಇನ್ನೊಂದು: ಎಸ್ಟೇಟ್ ಗಾಡಿಗಳಲ್ಲಿ ಕೆಲವು ಗೂಡ್ಸ್ ಎಂದು ನೋಂದಣಿ ಆಗಿರುತ್ತವೆ. ವಿಂಟೇಜ್ ನಿಯಮ ಜನರನ್ನು ಕೂರಿಸುವ ಸ್ವಂತ ಬಳಕೆಯ ಗಾಡಿಗೆ ಮಾತ್ರ. ಲಾರಿ, ಟ್ರ್ಯಾಕ್ಟರ್, ಟ್ರೈಲರ್ ಇದರೊಳಗೆ ಬರುವುದಿಲ್ಲ.

ಹಾಸನ_ಟಿಂಕರ್
ಅಂಬಾಸಿಡರ್‌ಗೆ ಬೇರೆ ಚಾಸಿ ಅಂತ ಇಲ್ಲ ನೆನಪಿರಲಿ, ಬಾಡಿಯೇ ಚಾಸಿ. ಅದಕ್ಕೇ ಫ್ಲೋರ್ ಕೊಳೆತಿದ್ರೆ ತಗಡು ಕತ್ತರಿಸಿ ವೆಲ್ಡ್ ಮಾಡಿದ್ರೆ ರಿಪೇರಿ, ಬೇರೆ ಗಾಡಿ ಶೆಲ್ ತಂದು ನಿಮ್ಮ ನಂಬರ್ ಪ್ಲೇಟ್ ಹಾಕಿದ್ರೆ ಅದು ಬೇರೆ ಗಾಡಿ. ಜಾಕ್ ಕೊಡೋ ಜಾಗ, ಬಾಗಿಲ ಕೆಳಗಿನ ಸಿಲ್, ಡಿಕ್ಕಿಯಲ್ಲಿ ಸ್ಟೆಪ್ನಿ ಜಾಗ, ಈ ಮೂರು ಕಡೆ ಸ್ಕ್ರೂಡ್ರೈವರಲ್ಲಿ ಚುಚ್ಚಿ ನೋಡಿ. ಪುಟ್ಟಿ ತುಂಬಿ ಪೇಂಟ್ ಹೊಡೆದಿದ್ರೆ ಅಲ್ಲೇ ಗೊತ್ತಾಗುತ್ತೆ.

ಡೈನಮೋ ತೆಗೆದು ಆಲ್ಟರ್ನೇಟರ್ ಹಾಕಿದ್ದು, ಟೇಪ್ ರೆಕಾರ್ಡರ್, ಸೀಟ್ ಕವರ್, ಇವು ಚಾಸಿ, ಶೆಲ್, ಎಂಜಿನ್ ಮೂರಕ್ಕೂ ಸೇರಿಲ್ಲ. ಆದ್ರೂ ವಿಂಟೇಜ್‌ಗೆ ಹೋಗೋರು ಹಳೆ ಡೈನಮೋ ವಾಪಸ್ ಕಟ್ಟಿಸಿದ್ರೇ ನೆಮ್ಮದಿ. ಬಾನೆಟ್ ಎತ್ತಿದ ಕೂಡಲೇ ಕಣ್ಣಿಗೆ ಬೀಳೋದೇ ಅದು. ಬಣ್ಣ ಬದಲಾಗಿದ್ರೆ ಮಾತ್ರ ಬಿ ಎಕ್ಸ್‌ಟ್ರ್ಯಾಕ್ಟ್‌ನಲ್ಲಿ ಏನಿದೆ ನೋಡಿ, ಅದೇ ಬಣ್ಣಕ್ಕೆ ವಾಪಸ್ ತನ್ನಿ ಅಥವಾ ಬದಲಾದ್ದನ್ನ ಬರೆಸಿ.

ಮೂಡಿಗೆರೆ_ಮಾರ್ಕ್‌ಟು
ಬಣ್ಣ ಅದೇ ಇದೆ, ಎಂಜಿನ್ನೂ ಅದೇ ಅಂತ ನಂಬಿಕೆ. ತಾತನ ಹೆಸರಿಂದ ಅಪ್ಪನ ಹೆಸರಿಗೆ ವರ್ಗಾಯಿಸೋದು ಹೇಗೆ? ಅಪ್ಪ, ಇಬ್ಬರು ಚಿಕ್ಕಪ್ಪ, ಒಬ್ಬರು ಅತ್ತೆ ಇದ್ದಾರೆ. ಜೆರಾಕ್ಸಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರ್ ಅಂತ ಒಂದು ಮೊಹರೂ ಇದೆ.

ಬಿ_ರಿಜಿಸ್ಟರ್
ಆ ಮೊಹರು ಸಾಲದ ಹೈಪಾಥಿಕೇಷನ್, ಅಂದರೆ ಗಾಡಿ ಬ್ಯಾಂಕಿಗೆ ಅಡವಿದೆ ಎಂಬ ಗುರುತು. ಸಾಲ ಯಾವ ಕಾಲದಲ್ಲೋ ತೀರಿರುತ್ತದೆ, ಆದರೆ ರದ್ದು ಮಾಡಿಸದಿದ್ದರೆ ದಾಖಲೆಯಲ್ಲಿ ಇನ್ನೂ ಜೀವಂತ. ಎಸ್‌ಬಿಎಂ 2017ರ ಏಪ್ರಿಲ್‌ನಲ್ಲಿ ಎಸ್‌ಬಿಐಗೆ ಸೇರಿತು, ಹಾಗಾಗಿ ಸಾಲ ಬಾಕಿ ಇಲ್ಲವೆಂಬ ಪತ್ರ ಮತ್ತು ಫಾರಂ 35ರ ಸಹಿ ಎಸ್‌ಬಿಐ ಶಾಖೆಯಿಂದ ಪಡೆಯಬೇಕು. ಬೇರೆಯವರಿಗೂ ಉಪಯೋಗಕ್ಕೆ ಬರಲಿ ಎಂದು ಹೇಳುತ್ತೇನೆ: ವಿಜಯಾ ಬ್ಯಾಂಕ್ ಮೊಹರಿದ್ದರೆ ಬ್ಯಾಂಕ್ ಆಫ್ ಬರೋಡಾ, ಸಿಂಡಿಕೇಟ್ ಇದ್ದರೆ ಕೆನರಾ, ಕಾರ್ಪೊರೇಷನ್ ಇದ್ದರೆ ಯೂನಿಯನ್ ಬ್ಯಾಂಕ್. ಸಾಲದ ಖಾತೆಯ ಸಂಖ್ಯೆ ಇಲ್ಲದಿದ್ದರೆ ಬಿ ಎಕ್ಸ್‌ಟ್ರ್ಯಾಕ್ಟ್ ಪ್ರತಿ, ಮರಣ ಪ್ರಮಾಣಪತ್ರ ಇಟ್ಟು ಲಿಖಿತ ಅರ್ಜಿ ಕೊಡಿ, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಬಾಯಿಮಾತಿನಲ್ಲಿ ಕೇಳಿದರೆ ಹಳೇ ಬ್ಯಾಂಕಿನ ಕಡತ ಯಾರೂ ತೆಗೆಯುವುದಿಲ್ಲ.

ವಾರಸುದಾರರ ವರ್ಗಾವಣೆಗೆ ಫಾರಂ 31. ನಿಯಮದ ಪ್ರಕಾರ ಮಾಲೀಕರು ತೀರಿಕೊಂಡ 30 ದಿನದೊಳಗೆ ತಿಳಿಸಿ, ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು. ಅದು ದಾಟಿರುವುದರಿಂದ ದಂಡ ಸೇರುತ್ತದೆ, ಆದರೆ ವರ್ಗಾವಣೆ ನಿಲ್ಲುವುದಿಲ್ಲ. ಜೊತೆಗೆ ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಚಿಕ್ಕಪ್ಪಂದಿರು ಮತ್ತು ಅತ್ತೆ ಮೂವರ ಒಪ್ಪಿಗೆಯ ಅಫಿಡವಿಟ್, ಎಲ್ಲರ ಗುರುತಿನ ಚೀಟಿ. ಅಫಿಡವಿಟ್ಟನ್ನು ಛಾಪಾ ಕಾಗದದಲ್ಲಿ ನೋಟರಿ ಮಾಡಿಸಿ. ಅದರಲ್ಲಿ ನೋಂದಣಿ ಸಂಖ್ಯೆ, ಚಾಸಿ ನಂಬರ್, ಎಂಜಿನ್ ನಂಬರ್ ಮೂರೂ ಇರಲಿ. ಅಜ್ಜಿ ಇದ್ದರೆ ಅವರ ಸಹಿಯೂ ಬೇಕು. ಅತ್ತೆ ಮದುವೆಯಾಗಿ ಬೇರೆ ಊರಿಗೆ ಹೋಗಿದ್ದಾರೆ ಎಂದು ಅವರ ಸಹಿ ಬಿಡುವುದು ಸಾಮಾನ್ಯ, ಅರ್ಜಿ ವಾಪಸ್ ಬರುವುದೂ ಅಷ್ಟೇ ಸಾಮಾನ್ಯ. ವಂಶವೃಕ್ಷದಲ್ಲಿ ಇರುವ ಪ್ರತಿ ಹೆಸರಿಗೂ ಒಂದು ಸಹಿ.

ಕಳೆದ ಆರ್‌ಸಿಗೆ ಪೊಲೀಸ್ ಠಾಣೆಯ ಕಳೆದುಹೋದ ವರದಿ ಮತ್ತು ಫಾರಂ 26. ಇದನ್ನು ಫಾರಂ 31ರ ಜೊತೆಯಲ್ಲೇ ಇಟ್ಟುಕೊಳ್ಳಿ.

ಕಡೂರು_1100ಡಿ
ಮದ್ರಾಸ್ ನಂಬರಿನ ಫಿಯೆಟ್ ಇದೆ, ಎಂಎಸ್ ಸೀರೀಸ್. ಇದೇ ಕ್ರಮನಾ?

ಬಿ_ರಿಜಿಸ್ಟರ್
ಹೊರರಾಜ್ಯದ್ದಾದರೆ ಮೊದಲು ಅಲ್ಲಿನ ಕಚೇರಿಯಲ್ಲಿ ದಾಖಲೆ ಹುಡುಕಿಸಿ ಫಾರಂ 28ರ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರಬೇಕು. ಅದಿಲ್ಲದೆ ಚಿಕ್ಕಮಗಳೂರಿನಲ್ಲಿ ಕಡತವೇ ತೆರೆಯುವುದಿಲ್ಲ. ಮಾಮೂಲಿ ದಾರಿಯಲ್ಲಿ ಹೋದರೆ ಫಾರಂ 27 ಹಾಕಿ ಕರ್ನಾಟಕದ ತೆರಿಗೆ ಕಟ್ಟಿದಾಗ ಕೆಎ ನಂಬರ್ ಬರುತ್ತದೆ, ಎಂಎಸ್ ಹೋಗುತ್ತದೆ. ಆ ನಂಬರ್ ಮೇಲೆ ಮಮತೆ ಇದ್ದರೆ ವಿಂಟೇಜ್ ದಾರಿಯನ್ನು ನೀವು ಗಂಭೀರವಾಗಿ ಯೋಚಿಸಬೇಕು. ಕೆಎ ನಂಬರ್ ಬಂದ ಮೇಲೆ ಹಿಂದಕ್ಕೆ ಹೋಗಲಾಗದು.

ಪಾಲಿಸಿ_ಪೆಟ್ಟಿಗೆ
ಇನ್ಶೂರೆನ್ಸ್ ಯಾವಾಗ ಮಾಡಿಸಬೇಕು ಅಂತ ಮುಂದೆ ಪ್ರಶ್ನೆ ಬರುತ್ತದೆ. ಅಪ್ಪನ ಹೆಸರಿಗೆ ವರ್ಗಾವಣೆ ಆದ ಮೇಲೆ, ತಪಾಸಣೆಗೆ ಮೊದಲು. ತೀರಿಕೊಂಡವರ ಹೆಸರಲ್ಲಿ ಪಾಲಿಸಿ ಮಾಡಿಸಿ ಉಪಯೋಗವಿಲ್ಲ. ಆನ್‌ಲೈನ್‌ನಲ್ಲಿ 1967 ಎಂದು ಹಾಕಿದರೆ ಬಹಳಷ್ಟು ಪುಟಗಳು ಆ ವರ್ಷವನ್ನೇ ತೋರಿಸುವುದಿಲ್ಲ. ಸರ್ಕಾರಿ ವಲಯದ ನಾಲ್ಕು ಕಂಪನಿಗಳ ಯಾವುದಾದರೂ ಶಾಖೆಗೆ ನೇರವಾಗಿ ಹೋಗಿ. ಬಿ ಎಕ್ಸ್‌ಟ್ರ್ಯಾಕ್ಟ್, ವಾಹನ್ ಪುಟದ ಪ್ರಿಂಟ್, ಗಾಡಿಯ ನಾಲ್ಕು ಬದಿ ಫೋಟೋ ಒಯ್ಯಿರಿ. ಪಾಲಿಸಿ ಕಳೆದು ವರ್ಷಗಳೇ ಆಗಿರುವುದರಿಂದ ಗಾಡಿ ಪರಿಶೀಲನೆ ಕೇಳಬಹುದು. ಮೊದಲಿಗೆ ಥರ್ಡ್ ಪಾರ್ಟಿ ಸಾಕು. ಗಾಡಿಯ ಸ್ವಂತ ಹಾನಿಗೂ ವಿಮೆ ಬೇಕಿದ್ದರೆ ಐದು ವರ್ಷ ದಾಟಿದ ಗಾಡಿಯ ಬೆಲೆ ಎರಡೂ ಕಡೆಯವರು ಒಪ್ಪಿ ನಿಗದಿ ಮಾಡುವಂಥದ್ದು, ಅದಕ್ಕೆ ವ್ಯಾಲ್ಯುಯೇಷನ್ ರಿಪೋರ್ಟ್ ಮಾಡಿಸಿ.

ಹಾಸನ_ಟಿಂಕರ್
ಗಾಡಿ ತಯಾರಿ ಬಗ್ಗೆ ಹೇಳಿ ಮುಗಿಸ್ತೀನಿ. ಎಂಜಿನ್ ತಿರುಗುತ್ತೆ ಅಂತ ಸೀದಾ ಸೆಲ್ಫ್ ಹೊಡೀಬೇಡಿ. ನಾಲ್ಕೂ ಪ್ಲಗ್ ಬಿಚ್ಚಿ ಒಂದೊಂದು ಸಿಲಿಂಡರಿಗೆ 10–15 ಎಂಎಲ್ ಎಂಜಿನ್ ಆಯಿಲ್ ಬಿಟ್ಟು ಒಂದು ರಾತ್ರಿ ಬಿಡಿ, ಬೆಳಗ್ಗೆ ಹ್ಯಾಂಡಲ್‌ನಲ್ಲಿ ತಿರುಗಿಸಿ. ಆಯಿಲ್ ಬದಲಾಯಿಸಿ. ಟ್ಯಾಂಕ್ ಪೂರ್ತಿ ಇಳಿಸಿ, ತಳದಲ್ಲಿ ಕೆಸರು ತುಕ್ಕು ಇದ್ದೇ ಇರುತ್ತೆ. ಹಳೆ ರಬ್ಬರ್ ಪೈಪು, ಪೆಟ್ರೋಲ್ ಪಂಪ್ ಡಯಾಫ್ರಂ ಈಗಿನ ಎಥನಾಲ್ ಬೆರೆತ ಪೆಟ್ರೋಲಿಗೆ ಊದಿ ಮೆತ್ತಗಾಗುತ್ತೆ. ಪೈಪನ್ನ ಎಥನಾಲ್ ತಡೆಯೋ ಜಾತಿಗೆ ಬದಲಾಯಿಸಿ, ಗಾಡಿ ತಿಂಗಳುಗಟ್ಟಲೆ ನಿಲ್ಲೋದಾದ್ರೆ ಟ್ಯಾಂಕ್ ಖಾಲಿ ಇಡಿ. ಎಥನಾಲ್ ನೀರು ಹೀರುತ್ತೆ, ಮಳೆಗಾಲದ ನಾಲ್ಕು ತಿಂಗಳಲ್ಲಿ ಕಾರ್ಬುರೇಟರ್ ಒಳಗೆ ಬಿಳಿ ಪುಡಿ ಕಟ್ಟೋದು ಅದರಿಂದಲೇ.

ಎಫ್‌ಸಿಯಲ್ಲಿ ಹಳೆ ಗಾಡಿ ಬೀಳೋದು ಬ್ರೇಕಲ್ಲಿ. ನಿಂತ ಗಾಡೀಲಿ ವೀಲ್ ಸಿಲಿಂಡರ್ ಹಿಡಿದುಕೊಂಡು ಒಂದೇ ಕಡೆ ಎಳೆಯುತ್ತೆ. ನಾಲ್ಕೂ ಚಕ್ರದ ರಬ್ಬರ್ ಕಪ್ಪು ಒಟ್ಟಿಗೇ ಬದಲಾಯಿಸಿ, ಎರಡು ಮಾತ್ರ ಮಾಡಿಸಿದ್ರೆ ಮತ್ತೆ ಎಳೆಯೋದು ತಪ್ಪಲ್ಲ. ಮಾಸ್ಟರ್ ಸಿಲಿಂಡರ್ ಕಿಟ್ಟೂ ಸೇರಿಸಿ, ಹೊಸ ಬ್ರೇಕ್ ಆಯಿಲ್ ಹಾಕಿ ಬ್ಲೀಡ್ ಮಾಡಿ. ಹ್ಯಾಂಡ್ ಬ್ರೇಕ್ ಕೇಬಲ್ ತುಕ್ಕು ಹಿಡಿದಿರುತ್ತೆ. ಹಾರನ್, ವೈಪರ್, ಇಂಡಿಕೇಟರ್, ಬ್ರೇಕ್ ಲೈಟ್, ಡಿಮ್ ಡಿಪ್, ಸ್ಪೀಡೋಮೀಟರ್ ಮುಳ್ಳು, ಎಲ್ಲ ಕೆಲಸ ಮಾಡಬೇಕು. ಟೈರ್ ಸೈಜ್ 5.90-15, ಬಿರುಕು ಬಿಟ್ಟ ಟೈರಲ್ಲಿ ಹೋಗಬೇಡಿ, ಟೈರಿನ ಮೇಲಿನ ಗೀರು ಎಷ್ಟೇ ಆಳ ಇದ್ರೂ ಸರಿ.

ಎಮಿಷನ್‌ಗೆ ಹಳೆ ಪೆಟ್ರೋಲ್ ಕಾರಿಗೆ ಐಡ್ಲಿಂಗಲ್ಲಿ ಸಿಒ (ಕಾರ್ಬನ್ ಮಾನಾಕ್ಸೈಡ್) 3 ಪರ್ಸೆಂಟ್ ಒಳಗೆ, ಎಚ್‌ಸಿ (ಸುಡದೆ ಉಳಿದ ಹೈಡ್ರೋಕಾರ್ಬನ್) 1500 ಪಿಪಿಎಂ ಒಳಗೆ ಬರಬೇಕು. ಎಂಜಿನ್ ಚೆನ್ನಾಗಿ ಕಾದ ಮೇಲೇ ಟೆಸ್ಟ್ ಮಾಡಿಸಿ, ಚೋಕ್ ಪೂರ್ತಿ ಒಳಗಿರಲಿ. ಪಾಯಿಂಟ್ ಗ್ಯಾಪ್ 0.38 ಎಂಎಂ ಆಸುಪಾಸು, ಪ್ಲಗ್ ಗ್ಯಾಪ್ 0.64, ಏರ್ ಫಿಲ್ಟರ್ ಸ್ವಚ್ಛ. ಸಿಒ ಜಾಸ್ತಿ ಬಂದ್ರೆ ಮಿಕ್ಸ್ಚರ್ ಸ್ವಲ್ಪ ಸ್ವಲ್ಪವೇ ಬಡವಾಗಿಸಿ. ಸಿಒ ಸರಿ ಇದ್ದು ಎಚ್‌ಸಿ ಮಾತ್ರ ಜಾಸ್ತಿ ಅಂದ್ರೆ ಯಾವುದೋ ಒಂದು ಸಿಲಿಂಡರ್ ಸುಡ್ತಾ ಇಲ್ಲ ಅಥವಾ ಆಯಿಲ್ ಮೇಲೆ ಬರ್ತಿದೆ, ಸ್ಕ್ರೂ ತಿರುಗಿಸಿ ಅದು ಇಳಿಯಲ್ಲ. ಈ ಸರ್ಟಿಫಿಕೇಟು ಆರು ತಿಂಗಳಿಗೆ.

ಮತ್ತೆ, ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ ಓಡಿಸ್ಕೊಂಡು ಹೋಗಬೇಡಿ. ನೋಂದಣಿ ಅವಧಿ ಮುಗಿದ ಗಾಡಿ, ಮೂವತ್ತು ಕಿಲೋಮೀಟರ್ ತಿರುವಿನ ದಾರಿ. ಕ್ಯಾರಿಯರ್ ಮೇಲೆ ಹೇರಿಕೊಂಡು ಹೋಗಿ.

ಮೂಡಿಗೆರೆ_ಮಾರ್ಕ್‌ಟು
ತುಂಬ ಉಪಕಾರ ಆಯ್ತು ಅಣ್ಣ. ಪ್ಲೇಟ್ ಹಳೆ ಥರ ಕಪ್ಪು ಬೋರ್ಡಿಗೆ ಬಿಳಿ ಅಕ್ಷರ ಇಟ್ಕೋಬಹುದಾ?

ಸಕಲೇಶಪುರ_ಜೀಪು
ಶೆಡ್ಡಲ್ಲಿ ನೇತು ಹಾಕಿ ಮಾರಾಯ್ರೆ, ರಸ್ತೆಗೆ ಬೇಡ. ಖಾಸಗಿ ಗಾಡಿಗೆ ಈಗ ಬಿಳಿ ಮೇಲೆ ಕಪ್ಪು. ಕಪ್ಪು ಮೇಲೆ ಹಳದಿ ಇರೋದು ಸೆಲ್ಫ್ ಡ್ರೈವ್ ಬಾಡಿಗೆ ಕಾರಿಗೆ, ದೂರದಿಂದ ನೋಡಿದ ಪೊಲೀಸರಿಗೆ ನಿಮ್ಮದೂ ಅದೇ ಥರ ಕಾಣುತ್ತೆ. ಅಂಕಿ ಕನ್ನಡದಲ್ಲಿ ಬರೆಸೋ ಆಸೆ ಇದ್ರೆ ಅದೂ ಶೆಡ್ಡಿಗೇ. ನಿಯಮದಲ್ಲಿ ಇಂಗ್ಲಿಷ್ ಅಕ್ಷರ, ಅರಬ್ಬಿ ಅಂಕಿ ಅಂತಲೇ ಇದೆ.

ಬಿ_ರಿಜಿಸ್ಟರ್
ಅಳತೆ: ಕಾರಿನ ಅಕ್ಷರ ಮತ್ತು ಅಂಕಿಯ ಎತ್ತರ 65 ಮಿಲಿಮೀಟರ್, ದಪ್ಪ 10, ನಡುವಿನ ಜಾಗ 10. ಪ್ಲೇಟ್ 500×120 ಅಥವಾ 340×200. ಬುಕ್ ಮಾಡುವ ಮೊದಲು ನಿಮ್ಮ ಗಾಡಿಯ ಹಿಂದೆ ಮುಂದೆ ಪ್ಲೇಟ್ ಕೂರುವ ಜಾಗ ಅಳೆದುಕೊಳ್ಳಿ. 2019ರ ಏಪ್ರಿಲ್‌ಗೆ ಮೊದಲು ನೋಂದಣಿಯಾದ ಗಾಡಿಗಳಿಗೂ ಎಚ್‌ಎಸ್‌ಆರ್‌ಪಿ ಹಾಕಿಸಬೇಕೆಂದು ಕರ್ನಾಟಕ 2023ರ ಆಗಸ್ಟ್‌ನಲ್ಲೇ ಆದೇಶ ಮಾಡಿದೆ. ಹಳೆಯ ಬಂಪರಿಗೆ ಹೊಸ ತೂತು ಕೊರೆಯಬೇಡಿ. ಇರುವ ಬೋಲ್ಟ್ ತೂತಿಗೆ ಒಂದು ಪಟ್ಟಿ ಕಟ್ಟಿ ಅದರ ಮೇಲೆ ಪ್ಲೇಟ್ ಕೂರಿಸಿ.

ಈ ಕೊಂಡಿಗೆ ವಿಂಟೇಜ್ ಅರ್ಜಿಯ ವಿವರ ಹುಡುಕಿ ಬರುವವರಿಗೆ ಇಷ್ಟು: ಫಾರಂ 20, ಜೊತೆಗೆ ಇನ್ಶೂರೆನ್ಸ್, ಶುಲ್ಕ, ಹಳೆ ಆರ್‌ಸಿ, ಆಮದು ಗಾಡಿಯಾದರೆ ಬಿಲ್ ಆಫ್ ಎಂಟ್ರಿ. ಅರ್ಜಿ ನೋಡುವುದು ರಾಜ್ಯ ನೇಮಿಸಿದ ನೋಡಲ್ ಅಧಿಕಾರಿ, ಗಾಡಿ ನೋಡುವುದು ತಪಾಸಣಾ ಸಮಿತಿ. ಒಪ್ಪಿದರೆ ಅರ್ಜಿ ಕೊಟ್ಟ 60 ದಿನದೊಳಗೆ ಫಾರಂ 23ಎಯಲ್ಲಿ ಆರ್‌ಸಿ. ಬೆಂಗಳೂರಿನಲ್ಲಿರುವ ಫೆಡರೇಶನ್ ಆಫ್ ಹಿಸ್ಟಾರಿಕ್ ವೆಹಿಕಲ್ಸ್ ಆಫ್ ಇಂಡಿಯಾ, ಕರ್ನಾಟಕ ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ಬಿನಂಥ ಕಡೆ ಗಾಡಿಯ ಮೂಲ ರೂಪದ ಬಗ್ಗೆ ತಿಳಿದವರು ಇರುತ್ತಾರೆ. ಸಮಿತಿಯ ಮುಂದೆ ನಿಲ್ಲಿಸುವ ಮೊದಲು ಅವರಿಗೆ ಒಮ್ಮೆ ತೋರಿಸುವುದು ಒಳ್ಳೆಯದು.

ಮೂಡಿಗೆರೆ_ಮಾರ್ಕ್‌ಟು
ಮನೇಲಿ ಮಾತಾಡಿ ತೀರ್ಮಾನ ಆಯ್ತು: ಎಂವೈ ನಂಬರ್, ಮಾಮೂಲಿ ರಿನ್ಯೂವಲ್. ಸೋಮವಾರ ಚಿಕ್ಕಮಗಳೂರಲ್ಲಿ ಬಿ ಎಕ್ಸ್‌ಟ್ರ್ಯಾಕ್ಟ್‌ಗೆ ಅರ್ಜಿ. ವಂಶವೃಕ್ಷಕ್ಕೆ ನಾಡಕಚೇರಿಗೆ ಅದೇ ದಿನ ಕೊಡಬಹುದಾ, ಅಥವಾ ಎಕ್ಸ್‌ಟ್ರ್ಯಾಕ್ಟ್ ಬಂದ ಮೇಲೆನಾ?

ಬಿ_ರಿಜಿಸ್ಟರ್
ಅದೇ ದಿನ ಕೊಡಿ, ಒಂದಕ್ಕೊಂದು ಸಂಬಂಧವಿಲ್ಲ. ಅಫಿಡವಿಟ್ ಮಾತ್ರ ಎಕ್ಸ್‌ಟ್ರ್ಯಾಕ್ಟ್ ಬರುವ ತನಕ ತಡೆಯಿರಿ. ಲೆಡ್ಜರಿನಲ್ಲಿರುವ ಚಾಸಿ ನಂಬರೇ ಅದರಲ್ಲಿ ಇರಬೇಕು, ಜೆರಾಕ್ಸ್ ನೋಡಿ ಬರೆಸಿದ್ದಲ್ಲ.